ಎಲೆ ಬಿಚ್ಚುವ ವಿದ್ಯುದ್ದರ್ಶಕ: ಸ್ಥಿರ ವಿದ್ಯುತ್ತಿನ ಪ್ರಯೋಗ ಕೈಕೊಡದ ಹಾಗೆ ಮಾಡಲು ಸಮಗ್ರ ಮಾರ್ಗದರ್ಶಿ

ಒಂದು ಗಾಜಿನ ಬಾಟಲಿ, ಒಂದು ತುಂಡು ತಂತಿ, ಎರಡು ಚೂರು ಅಲ್ಯೂಮಿನಿಯಂ ಫಾಯಿಲ್. ವಿದ್ಯುದ್ದರ್ಶಕಕ್ಕೆ, ಅಂದರೆ ವಿದ್ಯುತ್ ಚಾರ್ಜ್ ಇದೆಯೇ ಅಂತ ತೋರಿಸುವ ಉಪಕರಣಕ್ಕೆ, ಬೇಕಾಗುವುದು ಇಷ್ಟೇ. ತಂತಿಗೆ ನೇತುಹಾಕಿದ ಫಾಯಿಲ್ ಚೂರುಗಳೇ ಅದರ ಎಲೆಗಳು, ಚಾರ್ಜ್ ಬಂದರೆ ಅವು ಬಿಚ್ಚಿಕೊಳ್ಳುತ್ತವೆ. ಪುಸ್ತಕದ ಚಿತ್ರ ನೋಡಿಕೊಂಡು ಮಕ್ಕಳು ಸಂಜೆಯೊಳಗೆ ಮಾಡಿ ಮುಗಿಸುತ್ತಾರೆ. ಆಮೇಲೆ ಬಾಚಣಿಗೆ ಉಜ್ಜಿ ಹತ್ತಿರ ತಂದರೆ ಎಲೆ ಅಲುಗುವುದೇ ಇಲ್ಲ. ಇಲ್ಲವೇ ಒಂದು ಕ್ಷಣ ಬಿಚ್ಚಿಕೊಂಡು ಹಾಗೇ ಕುಸಿದುಬಿಡುತ್ತದೆ. ಅಪ್ಪ ಅಮ್ಮ, ಮೇಷ್ಟ್ರು, ಮಕ್ಕಳು ಎಲ್ಲರೂ ಸಿಕ್ಕಿಬೀಳುವುದು ಇದೇ ಜಾಗದಲ್ಲಿ.

ಕಾರಣ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ವಸ್ತುವಿಗೆ ಚಾರ್ಜ್ ಬರಿಸುವುದು ಸುಲಭ, ಬಾಚಣಿಗೆಗೂ ಬರುತ್ತದೆ. ಬಂದ ಚಾರ್ಜ್ ಸೋರಿಹೋಗದ ಹಾಗೆ ಹಿಡಿದಿಡುವುದು ಕಷ್ಟ. ಮುಚ್ಚಳದ ರಟ್ಟು, ಗಾಜಿನ ಮೇಲಿನ ತೇವ, ತಲೆಯ ಎಣ್ಣೆ, ಬೆರಳು ತೆಗೆಯುವ ಹೊತ್ತು, ಎಲ್ಲವೂ ಸೋರುವ ದಾರಿಗಳು. ಈ ದಾರಿಗಳನ್ನು ಒಂದೊಂದಾಗಿ ಮುಚ್ಚುವುದೇ ನಮ್ಮ ಕೆಲಸ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಹಂತ ಸರಿಯಾಗದೆ ಮುಂದಿನದಕ್ಕೆ ಹೋದರೆ ತಪ್ಪು ಎಲ್ಲಿದೆ ಅಂತ ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

## ಶುರು ಮಾಡುವ ಮುಂಚೆ ಇಷ್ಟು ಗೊತ್ತಿರಲಿ

ಮಾಮೂಲಾಗಿ ಎಲ್ಲ ವಸ್ತುವಿನಲ್ಲೂ ಧನ ಚಾರ್ಜ್ ಮತ್ತು ಋಣ ಚಾರ್ಜ್ ಸಮಸಮ ಇರುತ್ತವೆ. ಎರಡು ಬೇರೆ ಬೇರೆ ವಸ್ತುಗಳು ಒತ್ತಿಕೊಂಡು ಬೇರೆಯಾದಾಗ ಒಂದರಿಂದ ಇನ್ನೊಂದಕ್ಕೆ ಋಣ ಚಾರ್ಜಿನ ಕಣಗಳಾದ ಒಂದಷ್ಟು ಎಲೆಕ್ಟ್ರಾನ್‌ಗಳು ದಾಟುತ್ತವೆ. ಪಡೆದದ್ದು ಋಣ ಆಗುತ್ತದೆ, ಕಳೆದುಕೊಂಡದ್ದು ಧನ. ಹೊಸದಾಗಿ ಏನೂ ಹುಟ್ಟುವುದಿಲ್ಲ. ಮುಂದೆ ನಾವು ಉಜ್ಜುವ ಪಿವಿಸಿ ಪೈಪಿಗೆ ಎಷ್ಟು ಋಣ ಬಂತೋ ಉಜ್ಜಿದ ಬಟ್ಟೆಗೆ ಅಷ್ಟೇ ಧನ ಬಂದಿರುತ್ತದೆ.

ಒಂದೇ ಬಗೆಯ ಚಾರ್ಜ್‌ಗಳು ತಳ್ಳಿಕೊಳ್ಳುತ್ತವೆ, ಬೇರೆ ಬಗೆಯವು ಸೆಳೆದುಕೊಳ್ಳುತ್ತವೆ. ದೂರ ಅರ್ಧವಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಈ ಪ್ರಯೋಗಗಳಲ್ಲಿ ಒಂದೆರಡು ಸೆಂಟಿಮೀಟರ್ ಹತ್ತಿರ, ದೂರ ಅನ್ನುವುದು ದೊಡ್ಡ ವಿಷಯ.

ಇನ್ನೊಂದು ಮಾತನ್ನು ಪುಸ್ತಕಗಳು ಸಾಕಷ್ಟು ಒತ್ತಿ ಹೇಳುವುದಿಲ್ಲ. ಬ್ಯಾಟರಿ, ಬಲ್ಬ್ ಇಟ್ಟು ಪರೀಕ್ಷೆ ಮಾಡಿದರೆ ಮರ, ರಟ್ಟು, ಹತ್ತಿಯ ದಾರ ಎಲ್ಲವೂ ಅವಾಹಕ, ಅಂದರೆ ವಿದ್ಯುತ್ ಹರಿಯಲು ಬಿಡದವು, ಅಂತ ಬರುತ್ತವೆ. ಇಲ್ಲಿ ಹಾಗಲ್ಲ. ಲೆಕ್ಕ ನೋಡಿ. ನಾವು ಮಾಡುವ ಎಲೆಗಳು ಒಂದೆರಡು ಸೆಂಟಿಮೀಟರ್ ಬಿಚ್ಚಿಕೊಳ್ಳಲು ಒಂದು ನ್ಯಾನೊಕೂಲಂಬ್ (ಕೂಲಂಬ್ ಚಾರ್ಜಿನ ಅಳತೆ, ನ್ಯಾನೊ ಅಂದರೆ ಅದರ ನೂರು ಕೋಟಿಯಲ್ಲಿ ಒಂದು ಪಾಲು) ಆಸುಪಾಸಿನ ಚಾರ್ಜ್ ಬೇಕು. ಅಂದರೆ 600 ಕೋಟಿ ಎಲೆಕ್ಟ್ರಾನ್‌ಗಳು. ಕೇಳಲು ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಇಷ್ಟೂ ಚಾರ್ಜ್ 10 ಸೆಕೆಂಡಿನಲ್ಲಿ ಖಾಲಿಯಾಗಲು 0.1 ನ್ಯಾನೊಆಂಪಿಯರ್ ಸೋರಿಕೆ ಸಾಕು. ಟಾರ್ಚಿನ ಸಣ್ಣ ಬಲ್ಬ್ ಉರಿಯಲು ಸುಮಾರು 0.3 ಆಂಪಿಯರ್ ಬೇಕು, ಅಂದರೆ ಇದರ 300 ಕೋಟಿ ಪಟ್ಟು. ಬಲ್ಬನ್ನು ಬೆಳಗಿಸಲಾಗದ ರಟ್ಟಿನ ಚೂರು ನಿಮ್ಮ ವಿದ್ಯುದ್ದರ್ಶಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ ಮಾಡಬಲ್ಲದು.

ನಂಬಬಹುದಾದ ಅವಾಹಕಗಳು ಇವು: ಪಾಲಿಥೀನ್, ಥರ್ಮಾಕೋಲ್, ಮೇಣ, ನಲ್ಲಿ ಜೋಡಿಸುವವರು ಬಳಸುವ ಬಿಳಿ ಟೆಫ್ಲಾನ್ ಟೇಪ್, ಒಣಗಿದ ಪಿವಿಸಿ. ಗಾಜು ಒಣಗಿದ್ದರೆ ಮಾತ್ರ.

## ಬೇಕಾಗುವ ಸಾಮಾನು

- ಅರ್ಧ ಇಂಚಿನ ಪಿವಿಸಿ ಪೈಪ್, ಸುಮಾರು 50 ಸೆಂಟಿಮೀಟರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಉಳಿದ ತುಂಡು ಕೇಳಿದರೂ ಕೊಡುತ್ತಾರೆ.
- ಉಣ್ಣೆ ಬಟ್ಟೆ. ಹಳೆಯ ಸ್ವೆಟರ್ ಅಥವಾ ಕಂಬಳಿಯ ತುಂಡು.
- ಅಗಲ ಬಾಯಿಯ ಗಾಜಿನ ಬಾಟಲಿ, ಪ್ಲಾಸ್ಟಿಕ್ ಮುಚ್ಚಳ ಇರುವಂಥದ್ದು.
- ಸುಮಾರು 2 ಮಿಲಿಮೀಟರ್ ದಪ್ಪದ ತಾಮ್ರದ ತಂತಿ, 20 ಸೆಂಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅರ್ತಿಂಗ್ ತಂತಿ, 14 ಗೇಜ್ ಅಂತ ಕೇಳಿ.
- ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್. ಪೊಟ್ಟಣದ ಮೇಲೆ ದಪ್ಪ ಬರೆದಿರುತ್ತಾರೆ. 11 ಮೈಕ್ರಾನ್‌ನದು ಚೆನ್ನಾಗಿ ಒಗ್ಗುತ್ತದೆ.
- ಪ್ಲಾಸ್ಟಿಕ್ ಸ್ಟ್ರಾ ಒಂದು, ಮೇಣದ ಬತ್ತಿ ಒಂದು, ಟೆಫ್ಲಾನ್ ಟೇಪ್, ಸೆಲ್ಲೋ ಟೇಪ್.
- ಸಿಲಿಕಾ ಜೆಲ್ ಪುಟ್ಟ ಚೀಲ ಎರಡು. ಹೊಸ ಚಪ್ಪಲಿ, ಬ್ಯಾಗಿನ ಡಬ್ಬಿಯಲ್ಲಿ ಬರುತ್ತಲ್ಲ, ಅದೇ.
- ಹೇರ್ ಡ್ರೈಯರ್ ಇದ್ದರೆ ಅರ್ಧ ಕಷ್ಟ ಕಳೆಯಿತು. ಇಲ್ಲದಿದ್ದರೆ ಬಿಸಿಲು.

ಮೋಟಾರ್ ರಿಪೇರಿ ಅಂಗಡಿಯ ವೈಂಡಿಂಗ್ ತಂತಿ ಬಳಸುವುದಾದರೆ ಹುಷಾರು. ಅದರ ಮೇಲೆ ಕಣ್ಣಿಗೆ ಕಾಣದ ವಾರ್ನಿಶ್ ಪದರ ಇರುತ್ತದೆ. ಎರಡೂ ತುದಿಗಳನ್ನು ಉಪ್ಪು ಕಾಗದದಿಂದ ಉಜ್ಜಿ ತಾಮ್ರ ಹೊಳೆಯುವ ಹಾಗೆ ಮಾಡದಿದ್ದರೆ ಚಾರ್ಜ್ ಎಲೆಯವರೆಗೆ ತಲುಪುವುದೇ ಇಲ್ಲ.

## ಹಂತ 1: ದಿನ ಮತ್ತು ಹೊತ್ತು ಆರಿಸಿಕೊಳ್ಳಿ

ಮೊಬೈಲಿನ ಹವಾಮಾನ ಆ್ಯಪ್ ತೆರೆದು ತೇವಾಂಶ ಎಷ್ಟಿದೆ ನೋಡಿ. 50 ಶೇಕಡಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆಯಿಂದ ಮಾಡಿ. 50ರಿಂದ 65ರವರೆಗೆ ಇದ್ದರೆ ಎಲ್ಲವನ್ನೂ ಬಿಸಿ ಮಾಡಿಕೊಂಡು ಮಾಡಬಹುದು. ಅದಕ್ಕೂ ಜಾಸ್ತಿ ಇದ್ದರೆ ಸುಮ್ನೆ ಬೇಸರ ಮಾಡಿಕೊಳ್ಳಬೇಡಿ, ಇನ್ನೊಂದು ದಿನ ನೋಡಿ.

ಗಾಳಿಯಲ್ಲಿ ತೇವ ಜಾಸ್ತಿಯಾದಾಗ ಗಾಜು, ಪ್ಲಾಸ್ಟಿಕ್‌ಗಳ ಮೈಮೇಲೆ ಕಾಣದಷ್ಟು ತೆಳು ನೀರಿನ ಪದರ ಕೂರುತ್ತದೆ. ಅದರಲ್ಲಿ ಧೂಳು, ಬೆವರಿನ ಉಪ್ಪು ಕರಗಿ ಚಾರ್ಜ್ ಹರಿಯಲು ದಾರಿಯಾಗುತ್ತದೆ. ಚಾರ್ಜ್ ಗಾಳಿಗೆ ಹಾರಿಹೋಗುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಮುಖ್ಯ ಸೋರಿಕೆ ಆಗುವುದು ವಸ್ತುವಿನ ಮೈಮೇಲೆ. ಇದು ಗೊತ್ತಿದ್ದರೆ ಪರಿಹಾರವೂ ತಾನಾಗಿ ಹೊಳೆಯುತ್ತದೆ: ಕೋಣೆಯ ಗಾಳಿಯನ್ನೆಲ್ಲ ಒಣಗಿಸುವುದು ಬೇಕಿಲ್ಲ, ವಸ್ತುವನ್ನು ಸುತ್ತಲಿನ ಗಾಳಿಗಿಂತ ಒಂದಿಷ್ಟು ಬೆಚ್ಚಗೆ ಇಟ್ಟರೆ ಸಾಕು.

ನಮ್ಮಲ್ಲಿ ಒಂದು ತೊಡಕಿದೆ. ದ್ವಿತೀಯ ಪಿಯುಸಿ ಭೌತಶಾಸ್ತ್ರದ ಮೊದಲ ಅಧ್ಯಾಯವೇ ವಿದ್ಯುದಾವೇಶಗಳದ್ದು, ಅಂದರೆ ಇದೇ ಚಾರ್ಜಿನದು. ಅದನ್ನು ಪಾಠ ಮಾಡುವ ಹೊತ್ತಿಗೆ ಮುಂಗಾರು ಶುರುವಾಗಿರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಜೂನ್, ಜುಲೈನಲ್ಲಿ ಈ ಪ್ರಯೋಗ ಹೇರ್ ಡ್ರೈಯರ್ ಇಲ್ಲದೆ ಆಗುವ ಮಾತಲ್ಲ. ಬಯಲುಸೀಮೆಯಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಧ್ಯಾಹ್ನದ ಹೊತ್ತು ಬಲು ಒಳ್ಳೆಯದು. ರಾಯಚೂರು, ಕಲಬುರಗಿ, ವಿಜಯಪುರದವರಿಗೆ ಬೇಸಿಗೆಯೂ ಅನುಕೂಲ. ಪಾಠ ಮಾಡುವವರಿಗೆ ನನ್ನ ಸಲಹೆ: ಪಾಠವನ್ನು ಜೂನ್‌ನಲ್ಲಿ ಮಾಡಿ, ಪ್ರಯೋಗವನ್ನು ಒಣ ಹವೆಯ ತಿಂಗಳಿಗೆ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಗಳಲ್ಲಿರುವ ವಿದೇಶದ ಕನ್ನಡಿಗರಿಗೆ ಈ ಚಿಂತೆಯೇ ಇಲ್ಲ. ಅವರಿಗೆ ಬಾಗಿಲ ಹಿಡಿಕೆ ಮುಟ್ಟಿದರೂ ಚಟ್ ಅನ್ನುತ್ತದೆ.

ಅಡುಗೆಮನೆಯಲ್ಲಿ ಮಾಡಬೇಡಿ. ಕುಕ್ಕರ್ ಹಬೆ ಎಲ್ಲ ಹಾಳು ಮಾಡುತ್ತದೆ.

## ಹಂತ 2: ಟೇಪ್ ಪರೀಕ್ಷೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಸೆಲ್ಲೋ ಟೇಪ್ ಒಂದೇ ಸಾಕು, ಐದು ನಿಮಿಷದ ಕೆಲಸ. ಎರಡು ಬಗೆಯ ಚಾರ್ಜ್ ಇದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಇವತ್ತಿನ ಹವೆ ಪ್ರಯೋಗಕ್ಕೆ ಒದಗುತ್ತದೋ ಇಲ್ಲವೋ ಅನ್ನುವುದೂ ಗೊತ್ತಾಗುತ್ತದೆ.

1. 15 ಸೆಂಟಿಮೀಟರ್ ಟೇಪ್ ತುಂಡನ್ನು ಮೇಜಿಗೆ ಅಂಟಿಸಿ. ಇದು ಬುಡ, ಇದನ್ನು ಕೀಳುವುದಿಲ್ಲ.
2. ಅದರ ಮೇಲೆ ಅಷ್ಟೇ ಉದ್ದದ ಇನ್ನೊಂದು ತುಂಡು ಅಂಟಿಸಿ. ಒಂದು ತುದಿಯನ್ನು ಹಿಡಿಯಲು ಮಡಚಿ, ಅಲ್ಲಿ ಪೆನ್ನಿನಿಂದ 'ಕೆ' ಅಂತ ಬರೆಯಿರಿ.
3. ಅದರ ಮೇಲೆ ಮೂರನೆಯದು. ಇದರ ತುದಿಗೆ 'ಮೇ' ಅಂತ ಬರೆಯಿರಿ.
4. 'ಕೆ' ಮತ್ತು 'ಮೇ' ಎರಡನ್ನೂ ಜೋಡಿಯಾಗಿಯೇ ಮೆಲ್ಲಗೆ ಎತ್ತಿ. ನುಣುಪು ಬದಿಯ ಮೇಲೆ ಬೆರಳನ್ನು ಒಂದೆರಡು ಸಲ ಸವರಿ. ಬುಡದಿಂದ ಎದ್ದಾಗ ಬಂದ ಚಾರ್ಜ್ ಇದರಿಂದ ಹೋಗುತ್ತದೆ. ಜೋಡಿ ನಿಮ್ಮ ಕೈಯ ಕಡೆ ವಾಲದಿದ್ದರೆ ಸರಿಯಾಗಿದೆ.
5. ಈಗ ಎರಡನ್ನೂ ಸರ್‍ರನೆ ಬೇರೆ ಮಾಡಿ. ನುಣುಪು ಬದಿಗಳನ್ನು ಎದುರುಬದುರು ಮಾಡಿ ಹತ್ತಿರ ತನ್ನಿ. ಒಂದನ್ನೊಂದು ಸೆಳೆದುಕೊಳ್ಳುತ್ತವೆ.
6. ಇದೇ ರೀತಿ ಇನ್ನೊಂದು ಜೋಡಿ ಮಾಡಿ. 'ಮೇ' ಮತ್ತು 'ಮೇ' ತಳ್ಳಿಕೊಳ್ಳುತ್ತವೆ, 'ಕೆ' ಮತ್ತು 'ಕೆ' ಕೂಡ ತಳ್ಳಿಕೊಳ್ಳುತ್ತವೆ.

ಇಲ್ಲಿ ಯಾರೂ ಏನನ್ನೂ ಉಜ್ಜಲಿಲ್ಲ ಅನ್ನುವುದನ್ನು ಮಕ್ಕಳಿಗೆ ತೋರಿಸಿ. ಚಾರ್ಜ್ ಬರಲು ಬೇಕಾದದ್ದು ಒತ್ತಿ ಕೂರುವುದು, ಬೇರೆಯಾಗುವುದು. ಉಜ್ಜುವುದು ಅದನ್ನೇ ಹೆಚ್ಚು ಜಾಗದಲ್ಲಿ, ಮತ್ತೆ ಮತ್ತೆ ಮಾಡುವ ವಿಧಾನ. ಹಾಗಾಗಿ ಕೈ ನೋಯುವ ವೇಗದಲ್ಲಿ ತಿಕ್ಕುವುದರಿಂದ ದೊಡ್ಡ ಲಾಭವಿಲ್ಲ.

ಸಾಮಾನ್ಯ ತಪ್ಪು: ನಾಲ್ಕನೆಯ ಸಾಲಿನ ಬೆರಳು ಸವರುವ ಕೆಲಸ ಬಿಡುವುದು. ಬಿಟ್ಟರೆ ಎರಡೂ ತುಂಡುಗಳಲ್ಲಿ ಬುಡದಿಂದ ಬಂದ ಚಾರ್ಜ್ ಸೇರಿಕೊಂಡು ಫಲಿತಾಂಶ ಅಡ್ಡಾದಿಡ್ಡಿ ಬರುತ್ತದೆ.

ಎಚ್ಚರಿಕೆಯ ಸೂಚನೆ: ಬೇರೆ ಮಾಡಿದ ತುಂಡುಗಳು ಅರ್ಧ ನಿಮಿಷದೊಳಗೆ ಪೂರ್ತಿ ಸಪ್ಪೆಯಾದರೆ ಹವೆಯಲ್ಲಿ ತೇವ ಜಾಸ್ತಿ ಇದೆ. ಅವತ್ತು ಮುಂದಿನ ಹಂತಗಳನ್ನು ಮಾಡಬೇಡಿ.

## ಹಂತ 3: ಪೈಪಿಗೆ ಚಾರ್ಜ್ ಬರಿಸಿ

ಬಾಚಣಿಗೆಯನ್ನು ಮರೆತುಬಿಡಿ ಅನ್ನುವುದು ನನ್ನ ಮೊದಲ ಮಾತು. ನಮ್ಮ ಮಕ್ಕಳ ತಲೆಯಲ್ಲಿ ಕೊಬ್ಬರಿ ಎಣ್ಣೆ ಇರುತ್ತದೆ. ಎಣ್ಣೆ ಸವರಿದ ಕೂದಲಿಗೆ ಬಾಚಣಿಗೆ ಉಜ್ಜಿದರೆ ಎರಡರ ಮಧ್ಯೆ ಎಣ್ಣೆಯ ಪದರವೇ ಕೂರುತ್ತದೆ. ತಲೆಗೆ ಸ್ನಾನ ಮಾಡಿ ಪೂರ್ತಿ ಒಣಗಿಸಿಕೊಂಡ ದಿನ ಬಾಚಣಿಗೆ ಕೆಲಸ ಮಾಡುತ್ತದೆ, ಆದರೆ ಕಂಡಿಷನರ್ ಹಾಕಿದ್ದರೆ ಅವತ್ತೂ ಇಲ್ಲ. ಪಿವಿಸಿ ಪೈಪಿನಲ್ಲಿ ಈ ತಾಪತ್ರಯವಿಲ್ಲ. ಮೈ ದೊಡ್ಡದು, ಚಾರ್ಜೂ ಜಾಸ್ತಿ ಹಿಡಿಯುತ್ತದೆ.

1. ಪೈಪನ್ನು ಸೋಪಿನಲ್ಲಿ ತೊಳೆದು, ಬರೀ ನೀರಲ್ಲಿ ಚೆನ್ನಾಗಿ ಜಾಲಿಸಿ, ಒಣಗಿಸಿ. ಅಂಗಡಿಯಿಂದ ತಂದ ಪೈಪಿನ ಮೇಲೆ ಕೈಯ ಜಿಡ್ಡು, ಧೂಳು ಕೂತಿರುತ್ತದೆ.
2. ಉಣ್ಣೆ ಬಟ್ಟೆಯನ್ನು ಬಿಸಿಲಿನಲ್ಲಿ ಒಂದು ಗಂಟೆ ಹರವಿ. ಗಂಜಿ ಹಾಕಿದ ಹೊಸ ಕಂಬಳಿಗಿಂತ ತುಂಬ ಸಲ ಒಗೆದ ಹಳೆಯದು ಮೇಲು.
3. ಪೈಪಿನ ಒಂದು ತುದಿ ಹಿಡಿಯಲು. ಉಳಿದದ್ದು ಉಜ್ಜಲು. ಈ ಎರಡು ಭಾಗ ಕಲಸಬೇಡಿ. ಉಜ್ಜಿದ ಕಡೆ ಕೈ ತಾಗಿದರೆ ಅಲ್ಲಿನ ಚಾರ್ಜ್ ಹೋಯಿತು ಅಂತಲೇ ಲೆಕ್ಕ.
4. ಬಟ್ಟೆಯನ್ನು ಪೈಪಿನ ಸುತ್ತ ಬಿಗಿಯಾಗಿ ಹಿಡಿದು ಹತ್ತು ಹದಿನೈದು ಸಲ ಎಳೆಯಿರಿ.
5. ಸಣ್ಣ ಕಾಗದದ ಚೂರುಗಳ ಹತ್ತಿರ ಹಿಡಿಯಿರಿ. ನಾಲ್ಕೈದು ಸೆಂಟಿಮೀಟರ್ ದೂರದಿಂದಲೇ ಚೂರುಗಳು ಹಾರಿ ಬಂದರೆ ಪೈಪ್ ಸಿದ್ಧ. ಮುಂಗೈ ಹತ್ತಿರ ತಂದರೆ ರೋಮ ನಿಮಿರುತ್ತದೆ.

ಉಣ್ಣೆಯಿಂದ ಉಜ್ಜಿದ ಪಿವಿಸಿಗೆ ಬರುವುದು ಋಣ ಚಾರ್ಜ್. ಇದನ್ನು ಗಟ್ಟಿಯಾಗಿ ನೆನಪಿಡಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಈಗ ಹಂತ 2ರ ಟೇಪುಗಳ ಹತ್ತಿರ ಪೈಪ್ ತಂದು ನೋಡಿ. ಪೈಪ್ ಯಾವುದನ್ನು ತಳ್ಳುತ್ತದೋ ಅದು ಋಣ, ಇನ್ನೊಂದು ಧನ.

ಕಾಗದದ ಚೂರು ಹಾರಿ ಬಂತು ಅಂದ ಮಾತ್ರಕ್ಕೆ ಅದರಲ್ಲಿ ಚಾರ್ಜ್ ಇದೆ ಅಂತಲ್ಲ. ಚೂರಿನೊಳಗಿನ ಧನ ಭಾಗ ಪೈಪಿನ ಕಡೆಗೂ ಋಣ ಭಾಗ ಆಚೆಗೂ ಒಂದಿಷ್ಟು ಸರಿಯುತ್ತವೆ. ಹತ್ತಿರ ಇರುವ ಭಾಗದ ಸೆಳೆತ ಗೆಲ್ಲುತ್ತದೆ. ಹಾಗಾಗಿ ಸೆಳೆತ ನೋಡಿ ಏನನ್ನೂ ತೀರ್ಮಾನಿಸಬೇಡಿ. ಚಾರ್ಜ್ ಇದೆ ಅನ್ನುವುದಕ್ಕೆ ತಳ್ಳುವಿಕೆ ಒಂದೇ ಖಚಿತ ಸಾಕ್ಷಿ. ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಯೂ ಇದೇ, ಪ್ರಯೋಗದಲ್ಲಿ ಎಡವುವುದೂ ಇದರಲ್ಲೇ.

## ಹಂತ 4: ವಿದ್ಯುದ್ದರ್ಶಕ ಕಟ್ಟುವುದು

1. ಬಾಟಲಿಯನ್ನು ತೊಳೆದು ಒಣಗಿಸಿ, ಒಳಗೆ ಹೇರ್ ಡ್ರೈಯರ್‌ನ ಬಿಸಿ ಗಾಳಿ ಬಿಡಿ. ಇಲ್ಲವೇ ಮಧ್ಯಾಹ್ನದ ಬಿಸಿಲಿಗೆ ಬಾಯಿ ತೆರೆದು ಇಡಿ. ಬೆಚ್ಚಗಿರುವಾಗಲೇ ಸಿಲಿಕಾ ಜೆಲ್ ಚೀಲ ಒಳಗೆ ಹಾಕಿ ಮುಚ್ಚಿ.
2. ಮುಚ್ಚಳದ ಮಧ್ಯದಲ್ಲಿ ಸ್ಟ್ರಾ ತೂರುವಷ್ಟು ರಂಧ್ರ ಮಾಡಿ. 5 ಸೆಂಟಿಮೀಟರ್ ಉದ್ದದ ಸ್ಟ್ರಾ ತುಂಡನ್ನು ತೂರಿಸಿ. ಮೇಲೆ ಕೆಳಗೆ ಎರಡೂ ಕಡೆ ಅದು ಚಾಚಿಕೊಂಡಿರಬೇಕು.
3. ತಂತಿಯನ್ನು ಉಪ್ಪು ಕಾಗದದಿಂದ ಉಜ್ಜಿ ನೇರ ಮಾಡಿ. ಮಧ್ಯಭಾಗಕ್ಕೆ ಟೆಫ್ಲಾನ್ ಟೇಪ್ ಸುತ್ತಿ ಸ್ಟ್ರಾದೊಳಗೆ ಬಿಗಿಯಾಗಿ ಕೂರುವ ಹಾಗೆ ಮಾಡಿ. ಸಂದುಗಳಿಗೆ ಕರಗಿದ ಮೇಣ ಬಿಡಿ.
4. ಒಳಗಿನ ತುದಿಯನ್ನು ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಬಗ್ಗಿಸಿ. ಅಡ್ಡ ಭಾಗ ಒಂದು ಸೆಂಟಿಮೀಟರ್ ಇರಲಿ.
5. ಹೊರಗಿನ ತುದಿಗೆ ಫಾಯಿಲ್ ಉಂಡೆ ಕಟ್ಟಿ. ನಿಂಬೆಹಣ್ಣಿನ ಗಾತ್ರ, ನುಣ್ಣಗೆ. ಚೂಪು ಮೂಲೆಗಳಿಂದ ಚಾರ್ಜ್ ಗಾಳಿಗೆ ಸೋರುತ್ತದೆ, ಹಾಗಾಗಿ ತಂತಿಯ ತುದಿ ಎಲ್ಲೂ ಹೊರಗೆ ಇಣುಕಬಾರದು.
6. ಎಲೆಗಳು: ಫಾಯಿಲ್‌ನಿಂದ 5 ಮಿಲಿಮೀಟರ್ ಅಗಲ, 4 ಸೆಂಟಿಮೀಟರ್ ಉದ್ದದ ಎರಡು ಪಟ್ಟಿ ಕತ್ತರಿಸಿ. ಹಾಳೆಯ ಮಧ್ಯೆ ಇಟ್ಟು ಉಗುರಿನಿಂದ ಸವರಿ ಸುಕ್ಕು ಬಿಡಿಸಿ. ತಲೆಯ ಕಡೆ ಸೂಜಿಯಿಂದ ತಂತಿಗಿಂತ ಸ್ವಲ್ಪ ದೊಡ್ಡ ತೂತು ಮಾಡಿ, ಎರಡನ್ನೂ ಅಡ್ಡ ಭಾಗಕ್ಕೆ ಪಕ್ಕಪಕ್ಕ ನೇತುಹಾಕಿ.

ಇಂಥ ಒಂದು ಎಲೆಯ ತೂಕ ಸುಮಾರು 6 ಮಿಲಿಗ್ರಾಂ. ತೂತಿನ ಅಂಚು ತಂತಿಗೆ ಸಿಕ್ಕಿಕೊಂಡರೆ ಅಷ್ಟು ಸಣ್ಣ ತಡೆಯೂ ಎಲೆಯನ್ನು ನಿಲ್ಲಿಸುತ್ತದೆ. ಬಾಟಲಿಯೊಳಗೆ ಇಳಿಸುವ ಮುಂಚೆ ಮೆಲ್ಲಗೆ ಉಸಿರು ಬಿಟ್ಟು ನೋಡಿ. ಎರಡೂ ಎಲೆ ಸಲೀಸಾಗಿ ತೂಗಿ ಮತ್ತೆ ಕೂಡಿಕೊಳ್ಳಬೇಕು. ಅಂಟಿಕೊಂಡೇ ಇದ್ದರೆ ಜಿಡ್ಡು ಇದೆ, ಹೊಸ ಪಟ್ಟಿ ಕತ್ತರಿಸಿ.

ಮಿಠಾಯಿ ಮೇಲೆ ಹಾಕುವ ಬೆಳ್ಳಿ ವರಕ್ ಸಿಕ್ಕರೆ ಅದು ಫಾಯಿಲ್‌ಗಿಂತ ಎಷ್ಟೋ ತೆಳು, ಇನ್ನೂ ಸೂಕ್ಷ್ಮವಾದ ವಿದ್ಯುದ್ದರ್ಶಕ ಆಗುತ್ತದೆ. ಆದರೆ ಮುಟ್ಟಿದರೆ ಹರಿಯುತ್ತದೆ. ಮೊದಲ ಸಲಕ್ಕೆ ಫಾಯಿಲ್ ಸಾಕು.

ಸಾಮಾನ್ಯ ತಪ್ಪು: ರಟ್ಟಿನ ಮುಚ್ಚಳ, ಮರದ ಬಿರಡೆ, ತಂತಿಯನ್ನು ಲೋಹದ ಮುಚ್ಚಳಕ್ಕೆ ನೇರ ತಾಗಿಸುವುದು. ಪುಸ್ತಕದ ಚಿತ್ರಗಳಲ್ಲಿ ರಟ್ಟು ಇರುತ್ತದೆ. ಒಣ ದಿನದಲ್ಲಿ ಹೇಗೋ ನಡೆಯುತ್ತದೆ, ಮಳೆಗಾಲದಲ್ಲಿ ನಡೆಯುವುದಿಲ್ಲ. ಸ್ಟ್ರಾ ಮತ್ತು ಟೆಫ್ಲಾನ್‌ಗೆ ಖರ್ಚಾಗುವ ಹತ್ತು ನಿಮಿಷ ಉಳಿಸಬೇಡಿ.

## ಹಂತ 5: ಸೋರಿಕೆ ಪರೀಕ್ಷೆ

ಪೈಪ್ ಉಜ್ಜಿ ಉಂಡೆಯ ಹತ್ತಿರ ತನ್ನಿ, ತಾಗಿಸಬೇಡಿ. ಎಲೆಗಳು ಬಿಚ್ಚಿಕೊಳ್ಳುತ್ತವೆ. ಪೈಪ್ ದೂರ ಒಯ್ಯಿರಿ. ಎಲೆಗಳು ಮತ್ತೆ ಕೂಡಿಕೊಳ್ಳುತ್ತವೆ. ಇದನ್ನು ನೋಡಿ "ಚಾರ್ಜ್ ನಿಲ್ಲಲಿಲ್ಲ" ಅಂತ ಬಾಟಲಿ ಬಿಚ್ಚುವವರು ತುಂಬ. ಇದು ತಪ್ಪಲ್ಲ, ಹೀಗೇ ಆಗಬೇಕು. ಪೈಪ್ ಹತ್ತಿರ ಬಂದಾಗ ಉಂಡೆಯಲ್ಲಿದ್ದ ಎಲೆಕ್ಟ್ರಾನ್‌ಗಳು ಎಲೆಗಳ ಕಡೆಗೆ ಓಡಿದವು, ಪೈಪ್ ಹೋದಾಗ ವಾಪಸ್ ಬಂದವು. ಹೊರಗಿನಿಂದ ಏನೂ ಬಂದಿಲ್ಲ.

ನಿಜವಾದ ಸೋರಿಕೆ ಪರೀಕ್ಷೆ ಹೀಗೆ. ಉಜ್ಜಿದ ಪೈಪನ್ನು ಉಂಡೆಯ ಮೇಲೆ ಒತ್ತಿ ಉದ್ದಕ್ಕೂ ಉರುಳಿಸಿಕೊಂಡು ಎಳೆಯಿರಿ. ಪೈಪ್ ತೆಗೆದ ಮೇಲೂ ಎಲೆ ಬಿಚ್ಚಿಕೊಂಡೇ ಇರಬೇಕು. ಗಡಿಯಾರ ನೋಡಿ. ಒಂದೆರಡು ನಿಮಿಷ ನಿಂತರೆ ಮುಂದಿನ ಹಂತಕ್ಕೆ ಹೋಗಬಹುದು. 10 ಸೆಕೆಂಡಿನಲ್ಲಿ ಬಿದ್ದರೆ ಸ್ಟ್ರಾ ಮತ್ತು ಮುಚ್ಚಳಕ್ಕೆ ಬಿಸಿ ಗಾಳಿ ಕೊಟ್ಟು ಮತ್ತೆ ನೋಡಿ. ಮೇಣ ಕರಗದಷ್ಟು ದೂರದಿಂದ ಕೊಡಿ.

## ಹಂತ 6: ತಾಗಿಸಿ ಚಾರ್ಜ್ ಕೊಡುವುದು

ಮೇಲಿನ ಪರೀಕ್ಷೆಯಲ್ಲಿ ಮಾಡಿದ್ದೇ ಇದು. ಒಂದೇ ಮಾತು ಸೇರಿಸುತ್ತೇನೆ. ಪೈಪ್ ಅವಾಹಕ, ಅದರ ಒಂದು ಚುಕ್ಕೆ ತಾಗಿಸಿದರೆ ಆ ಚುಕ್ಕೆಯ ಚಾರ್ಜ್ ಮಾತ್ರ ದಾಟುತ್ತದೆ. ಉಳಿದದ್ದು ತಾನಿದ್ದಲ್ಲೇ ಇರುತ್ತದೆ. ಉರುಳಿಸಿ ಎಳೆಯಬೇಕು ಅನ್ನುವುದು ಅದಕ್ಕೇ. ಹೀಗೆ ಕೊಟ್ಟ ಚಾರ್ಜ್ ಪೈಪಿನದ್ದೇ ಬಗೆಯದು, ಅಂದರೆ ಋಣ.

## ಹಂತ 7: ಪ್ರೇರಣೆಯಿಂದ ಚಾರ್ಜ್ ಕೊಡುವುದು

ಪ್ರೇರಣೆ ಅಂದರೆ ಪೈಪ್ ತಾಗಿಸದೆ, ಬರೀ ಹತ್ತಿರ ಹಿಡಿದು ಚಾರ್ಜ್ ಬರಿಸುವುದು. ಎಲ್ಲರೂ ಸೋಲುವ ಹಂತ ಇದು. ಹವೆ ಸರಿ ಇದ್ದು, ಬಾಟಲಿ ಸರಿ ಇದ್ದು, ಆದರೂ ಸೋಲುತ್ತಾರೆ. ಕ್ರಮ ತಪ್ಪುವುದೇ ಕಾರಣ. ಬೆರಳು ತಾಗಿಸಿ ಮೊದಲು ವಿದ್ಯುದ್ದರ್ಶಕವನ್ನು ಪೂರ್ತಿ ಖಾಲಿ ಮಾಡಿಕೊಳ್ಳಿ.

1. ಪೈಪನ್ನು ಉಂಡೆಯ ಹತ್ತಿರ ತನ್ನಿ. ಮೂರು ನಾಲ್ಕು ಸೆಂಟಿಮೀಟರ್ ಬಿಡಿ, ತಾಗಿಸಬೇಡಿ. ಉಂಡೆಯ ಎಲೆಕ್ಟ್ರಾನ್‌ಗಳು ಕೆಳಗೆ ಎಲೆಗಳಿಗೆ ಓಡುತ್ತವೆ. ಎಲೆ ಬಿಚ್ಚಿಕೊಳ್ಳುತ್ತದೆ.
2. ಪೈಪನ್ನು ಅಲ್ಲೇ ಹಿಡಿದುಕೊಂಡು ಇನ್ನೊಂದು ಕೈಯ ಬೆರಳನ್ನು ಉಂಡೆಗೆ ತಾಗಿಸಿ. ಓಡಲು ಇನ್ನೂ ದೂರದ ಜಾಗ ಸಿಕ್ಕಿತು, ಎಲೆಕ್ಟ್ರಾನ್‌ಗಳು ನಿಮ್ಮ ಮೈಗೆ ಇಳಿಯುತ್ತವೆ. ಎಲೆ ಕೂಡಿಕೊಳ್ಳುತ್ತದೆ.
3. ಪೈಪ್ ಅಲುಗಿಸದೆ ಬೆರಳು ತೆಗೆಯಿರಿ. ಎಲೆ ಇನ್ನೂ ಕೂಡಿಕೊಂಡೇ ಇರುತ್ತದೆ. ಏನೂ ಆಗಲಿಲ್ಲ ಅನ್ನಿಸುತ್ತದೆ. ಇಲ್ಲಿ ಗಾಬರಿಯಾಗಿ ಮತ್ತೆ ಬೆರಳು ತಾಗಿಸಬೇಡಿ.
4. ಈಗ ಪೈಪ್ ದೂರ ಒಯ್ಯಿರಿ. ಎಲೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡೇ ನಿಲ್ಲುತ್ತದೆ.

ಮೂರು ಮತ್ತು ನಾಲ್ಕನ್ನು ಅದಲುಬದಲು ಮಾಡಿದರೆ ಎಲ್ಲ ಮುಗಿಯಿತು. ಪೈಪ್ ಮೊದಲು ಹೋದರೆ ಮೈಗೆ ಇಳಿದಿದ್ದ ಎಲೆಕ್ಟ್ರಾನ್‌ಗಳು ಬೆರಳಿನ ದಾರಿಯಲ್ಲೇ ವಾಪಸ್ ಬರುತ್ತವೆ, ವಿದ್ಯುದ್ದರ್ಶಕ ಮತ್ತೆ ಖಾಲಿ. ಎರಡೂ ಕೈ ಒಟ್ಟಿಗೆ ತೆಗೆದರೂ ಇದೇ ಗತಿ. ಮಕ್ಕಳಿಗೆ ಕೈ ಹೊಂದಿಸುವುದು ಕಷ್ಟವಾದರೆ ಒಬ್ಬರು ಪೈಪ್ ಹಿಡಿಯಲಿ, ಇನ್ನೊಬ್ಬರು ಬೆರಳು ಇಡಲಿ. "ಬೆರಳು ತೆಗಿ, ಈಗ ಪೈಪು" ಅಂತ ಬಾಯಲ್ಲಿ ಹೇಳಿಕೊಂಡು ಮಾಡಿಸಿ.

ಈಗ ವಿದ್ಯುದ್ದರ್ಶಕದಲ್ಲಿರುವುದು ಧನ ಚಾರ್ಜ್. ಪೈಪ್ ಋಣ, ಪಡೆದದ್ದು ಧನ. ಪೈಪಿನ ಚಾರ್ಜ್ ಒಂದಿಷ್ಟೂ ಖರ್ಚಾಗಿಲ್ಲ.

## ಹಂತ 8: ಯಾವ ಚಾರ್ಜ್ ಅಂತ ಪತ್ತೆ ಮಾಡುವುದು

ಉಜ್ಜಿದ ಪೈಪನ್ನು ಅರ್ಧ ಮೀಟರ್ ದೂರದಿಂದ ಮೆಲ್ಲಗೆ ಹತ್ತಿರ ತನ್ನಿ. ಕಣ್ಣು ಎಲೆಯ ಮೇಲಿರಲಿ. ಎಲೆ ಇನ್ನೂ ಅಗಲವಾಗಿ ಬಿಚ್ಚಿದರೆ ವಿದ್ಯುದ್ದರ್ಶಕದಲ್ಲಿ ಋಣ ಚಾರ್ಜ್ ಇದೆ. ಎಲೆ ಕೂಡಿಕೊಳ್ಳತೊಡಗಿದರೆ ಧನ ಇರಬಹುದು.

'ಇರಬಹುದು' ಅಂದದ್ದಕ್ಕೆ ಕಾರಣವಿದೆ. ಬರೀ ಕೈ ಹತ್ತಿರ ತಂದರೂ ಎಲೆ ಸ್ವಲ್ಪ ಕುಗ್ಗುತ್ತದೆ. ಹಿಗ್ಗುವುದು ಮಾತ್ರ ಪಕ್ಕಾ ಸಾಕ್ಷಿ. ಧನ ಚಾರ್ಜ್ ಅಂತ ಖಾತ್ರಿಯಾಗಲು ಧನ ಚಾರ್ಜ್ ಇರುವ ವಸ್ತುವನ್ನೇ ತರಬೇಕು. ಬೆಚ್ಚಗೆ ಮಾಡಿದ ಗಾಜಿನ ಲೋಟವನ್ನು ರೇಷ್ಮೆ ಬಟ್ಟೆಯಿಂದ ಉಜ್ಜಿ ತನ್ನಿ, ಇಲ್ಲವೇ ಮುಂದಿನ ಹಂತದ ತಟ್ಟೆ ಬಳಸಿ.

ಪೈಪನ್ನು ಬೇಗ ತರುವುದು ಇಲ್ಲಿನ ದೊಡ್ಡ ತಪ್ಪು. ಧನ ಚಾರ್ಜ್ ಇರುವ ವಿದ್ಯುದ್ದರ್ಶಕದ ಹತ್ತಿರ ಪೈಪ್ ಬಂದಂತೆ ಎಲೆ ಮೊದಲು ಕೂಡಿಕೊಳ್ಳುತ್ತದೆ. ಇನ್ನೂ ಹತ್ತಿರ ಬಂದರೆ ಮತ್ತೆ ಬಿಚ್ಚುತ್ತದೆ, ಯಾಕೆಂದರೆ ಉಂಡೆಯಿಂದ ತಳ್ಳಿಸಿಕೊಂಡು ಬಂದ ಎಲೆಕ್ಟ್ರಾನ್‌ಗಳು ಎಲೆಯಲ್ಲಿ ಜಾಸ್ತಿಯಾಗುತ್ತವೆ. ಪೈಪನ್ನು ಸರಕ್ಕನೆ ತಂದವರಿಗೆ ಕಾಣುವುದು ಈ ಎರಡನೆಯ ಬಿಚ್ಚುವಿಕೆ ಮಾತ್ರ, ಋಣ ಅಂತ ಬರೆದುಕೊಂಡುಬಿಡುತ್ತಾರೆ.

## ಹಂತ 9: ಥರ್ಮಾಕೋಲ್ ಮತ್ತು ತಟ್ಟೆ

ಹಂತ 7 ಕೈಗೆ ಹತ್ತಿದವರಿಗೆ ಇದು ಸಲೀಸು, ಸೂತ್ರ ಅದೇ. ಅಲ್ಯೂಮಿನಿಯಂ ತಟ್ಟೆಯ ನಡುವೆ ಒಣ ಪ್ಲಾಸ್ಟಿಕ್ ಲೋಟ ಅಂಟಿಸಿ, ಅದೇ ಹಿಡಿಕೆ. ಥರ್ಮಾಕೋಲ್ ಹಾಳೆಯನ್ನು ಉಣ್ಣೆಯಿಂದ ಉಜ್ಜಿ, ಅದಕ್ಕೆ ಋಣ ಚಾರ್ಜ್ ಬರುತ್ತದೆ. ಲೋಟ ಹಿಡಿದು ತಟ್ಟೆಯನ್ನು ಅದರ ಮೇಲಿಡಿ. ತಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ, ಬೆರಳು ತೆಗೆಯಿರಿ. ಆಮೇಲೆ ಲೋಟ ಹಿಡಿದು ತಟ್ಟೆ ಎತ್ತಿ. ತಟ್ಟೆಯಲ್ಲಿ ಈಗ ಧನ ಚಾರ್ಜ್ ಇದೆ.

ಬೆರಳ ಗೆಣ್ಣನ್ನು ಹತ್ತಿರ ತಂದರೆ ಚಟ್ ಅಂತ ಕಿಡಿ ಹಾರುತ್ತದೆ. ಒಣ ಗಾಳಿಯಲ್ಲಿ ಒಂದು ಮಿಲಿಮೀಟರ್ ಕಿಡಿಗೆ ಸುಮಾರು 3,000 ವೋಲ್ಟ್ ಬೇಕು, 5 ಮಿಲಿಮೀಟರ್ ಹಾರಿದರೆ 15,000 ವೋಲ್ಟ್ ಆಸುಪಾಸು. ಗೋಡೆಯ ಪ್ಲಗ್ಗಿನ 230 ವೋಲ್ಟ್ ಕೊಲ್ಲಬಲ್ಲದು, ಇದು ಬರೀ ಚುಚ್ಚುತ್ತದೆ. ಇಲ್ಲಿ ಹರಿಯುವ ಚಾರ್ಜ್ ಅತಿ ಕಡಿಮೆ, ಕ್ಷಣದಲ್ಲಿ ಮುಗಿಯುತ್ತದೆ. ಪ್ಲಗ್ಗಿನದು ಹರಿಯುತ್ತಲೇ ಇರುತ್ತದೆ.

ತಟ್ಟೆಯನ್ನು ಮತ್ತೆ ಇಟ್ಟು, ಮುಟ್ಟಿ, ಎತ್ತಿದರೆ ಮತ್ತೆ ಕಿಡಿ. ಥರ್ಮಾಕೋಲನ್ನು ಮತ್ತೆ ಉಜ್ಜುವುದು ಬೇಕಿಲ್ಲ, ಅದರ ಚಾರ್ಜ್ ಎಲ್ಲೂ ಹೋಗಿಲ್ಲ. ಹಾಗಾದರೆ ಕಿಡಿಯ ಶಕ್ತಿ ಎಲ್ಲಿಂದ ಬಂತು? ಎತ್ತುವ ಕೈಯಿಂದ. ಧನ ಚಾರ್ಜ್ ಇರುವ ತಟ್ಟೆಯನ್ನು ಋಣ ಚಾರ್ಜ್ ಇರುವ ಥರ್ಮಾಕೋಲ್ ಹಿಡಿದೆಳೆಯುತ್ತಿರುತ್ತದೆ. ಆ ಸೆಳೆತದ ವಿರುದ್ಧ ನೀವು ಮಾಡಿದ ಕೆಲಸವೇ ಕಿಡಿಯಾಗುತ್ತದೆ.

## ಕೈಕೊಟ್ಟರೆ ಎಲ್ಲಿ ನೋಡಬೇಕು

- ಎಲೆ ಅಲುಗುವುದೇ ಇಲ್ಲ: ಮೊದಲು ಪೈಪನ್ನು ಕಾಗದದ ಚೂರುಗಳ ಮೇಲೆ ಪರೀಕ್ಷಿಸಿ. ಪೈಪ್ ಸರಿ ಇದ್ದರೆ ತಂತಿಯ ವಾರ್ನಿಶ್ ಅಥವಾ ಎಲೆಯ ತೂತು ನೋಡಿ.
- ಹತ್ತಿರ ತಂದಾಗ ಬಿಚ್ಚುತ್ತದೆ, ಉರುಳಿಸಿ ಎಳೆದರೂ ನಿಲ್ಲುವುದಿಲ್ಲ: ಸೋರಿಕೆ. ಸ್ಟ್ರಾ, ಮುಚ್ಚಳ ಬೆಚ್ಚಗೆ ಮಾಡಿ. ತಂತಿ ಎಲ್ಲಾದರೂ ಬಾಟಲಿಗೆ ತಾಗಿದೆಯೇ ನೋಡಿ.
- ಒಂದು ಎಲೆ ಗಾಜಿಗೆ ಅಂಟಿಕೊಂಡಿದೆ: ಚಾರ್ಜ್ ಜಾಸ್ತಿಯಾಯಿತು ಅಥವಾ ಬಾಟಲಿ ಕಿರಿದು. ಉಂಡೆ ಮುಟ್ಟಿ ಖಾಲಿ ಮಾಡಿ.
- ಖಾಲಿ ಮಾಡಿದರೂ ಎಲೆ ಬಿಚ್ಚಿಕೊಂಡಿದೆ: ಗಾಜಿನ ಹೊರಮೈಗೇ ಚಾರ್ಜ್ ಬಂದಿದೆ, ಒರೆಸಿದ ಬಟ್ಟೆಯಿಂದ ಬಂದಿರಬಹುದು. ಬಾಟಲಿಯ ಮೇಲೆ ಒಮ್ಮೆ ಬಾಯಿಂದ ಹಬೆಯೂದಿ, ಒಣಗಲು ಬಿಡಿ.
- ಬೆಳಿಗ್ಗೆ ಆಗಿದ್ದು ಸಂಜೆ ಆಗುತ್ತಿಲ್ಲ: ಸಿಲಿಕಾ ಜೆಲ್ ತೇವ ಕುಡಿದಿದೆ. ಬಿಸಿಲಿನಲ್ಲಿ ಒಣಗಿಸಿ ಹಾಕಿ.

## ಇವನ್ನು ಮಾಡಲೇಬೇಡಿ

ಪೆಟ್ರೋಲ್, ಥಿನ್ನರ್, ಸ್ಯಾನಿಟೈಸರ್, ಗ್ಯಾಸ್ ಸಿಲಿಂಡರ್ ಇರುವ ಕಡೆ ಕಿಡಿಯ ಪ್ರಯೋಗ ಬೇಡ. ನಮಗೆ ಚುರುಕ್ ಅನ್ನಿಸುವಷ್ಟು ಕಿಡಿ ಪೆಟ್ರೋಲ್ ಆವಿಗೆ ಬೆಂಕಿ ಹತ್ತಿಸಲು ಸಾಕು. ಬಂಕಿನಲ್ಲಿ ಕ್ಯಾನಿಗೆ ಪೆಟ್ರೋಲ್ ಹಾಕಿಸುವಾಗ ಕ್ಯಾನನ್ನು ಗಾಡಿಯ ಮೇಲೆ ಇಡದೆ ನೆಲದ ಮೇಲೆ ಇಡಬೇಕು ಅನ್ನುವುದೂ ಇದಕ್ಕೇ.

ಮೇಜಿನ ಮೇಲಿಂದ ಪೆನ್‌ಡ್ರೈವ್, ಕಂಪ್ಯೂಟರಿನ ಬಿಡಿಭಾಗ ತೆಗೆದಿಡಿ. ನಮಗೆ ಚುರುಕ್ ಅನ್ನಿಸಲು ಸುಮಾರು 3,000 ವೋಲ್ಟ್ ಬೇಕು. ಕೆಲವು ಚಿಪ್‌ಗಳು 100 ವೋಲ್ಟಿಗೂ ಕೆಡುತ್ತವೆ, ಕೆಟ್ಟದ್ದು ಗೊತ್ತೂ ಆಗುವುದಿಲ್ಲ. ಪೇಸ್‌ಮೇಕರ್ ಇರುವವರು ಕಿಡಿಯ ಹಂತದಿಂದ ದೂರ ಇರಲಿ.

ಚಾರ್ಜ್ ಕೂಡಿಡುವ ಲೈಡನ್ ಜಾಡಿಯನ್ನು ಮಕ್ಕಳು ತಾವಾಗಿ ಮಾಡಬಾರದು. ಅದರ ಹೊಡೆತ ಈ ತಟ್ಟೆಯ ಕಿಡಿಯ ಹಾಗಲ್ಲ. ವಿದ್ಯುದ್ದರ್ಶಕದ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಯಾವ ಕಾರಣಕ್ಕೂ ತಾಗಿಸಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ತಾರಸಿಗೆ ತಂತಿ ಎಳೆದು "ಮೋಡದ ಚಾರ್ಜ್ ನೋಡೋಣ" ಅನ್ನುವ ಯೋಚನೆ ಬಂದರೆ ಅಲ್ಲೇ ನಿಲ್ಲಿಸಿ. ಸಿಡಿಲು ಇದೇ ಚಾರ್ಜ್‌ಗಳ ಆಟ, ಆದರೆ ಅದರ ಅಳತೆ ಕೋಟಿಗಟ್ಟಲೆ ವೋಲ್ಟ್.

## ಎತ್ತಿಡುವುದು

ಪ್ರಯೋಗ ಮುಗಿದ ಮೇಲೆ ಉಂಡೆ ಮುಟ್ಟಿ ಚಾರ್ಜ್ ಖಾಲಿ ಮಾಡಿ. ಸಿಲಿಕಾ ಜೆಲ್ ಒಳಗೇ ಇರಲಿ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೆಟ್ಟಗೆ ಇಡಿ, ಮಲಗಿಸಿದರೆ ಎಲೆ ಮುದುಡುತ್ತದೆ. ಪೈಪಿಗೆ ಹಿಡಿಯುವ ತುದಿಯಲ್ಲಿ ಒಂದು ಸುತ್ತು ಬಣ್ಣದ ಟೇಪ್ ಹಾಕಿಡಿ, ಮುಂದಿನ ಸಲ ಯಾರು ತೆಗೆದುಕೊಂಡರೂ ಉಜ್ಜುವ ಕಡೆ ಕೈ ಇಡುವುದಿಲ್ಲ. ಉಣ್ಣೆ ಬಟ್ಟೆಯನ್ನು ಇದಕ್ಕೇ ಅಂತ ಬೇರೆ ಇಡಿ. ಒಗೆದರೆ ಕಂಫರ್ಟ್‌ನಂಥ ಫ್ಯಾಬ್ರಿಕ್ ಕಂಡಿಷನರ್ ಹಾಕಬೇಡಿ, ಬಟ್ಟೆಗೆ ಸ್ಥಿರ ವಿದ್ಯುತ್ ಬರದ ಹಾಗೆ ಮಾಡುವುದೂ ಅದರ ಒಂದು ಕೆಲಸ.